ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಆಟ ಆಡಬಹುದೇ?

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ನಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲ, 8 ಜಿಬಿಯ ಒಂದೇ ರ‍್ಯಾಮ್ ಇದೆ. ತ್ರೀಡಿ ಆಟವೊಂದು ತೆರೆದುಕೊಳ್ಳುತ್ತದೆ, ಆದರೆ ಪಾತ್ರ ತಿರುಗಿದಾಗಲೆಲ್ಲ ಚಿತ್ರ ತಡವರಿಸುತ್ತದೆ. ಏನು ಮಾಡಲಿ?

ಉತ್ತರ: ಮೊದಲು ಆಟದ ರೆಸಲ್ಯೂಶನ್ ತಗ್ಗಿಸಿ ನೋಡಿ. 1920×1080ರಲ್ಲಿ ಪ್ರತಿ ಫ್ರೇಮಿಗೂ (ಪರದೆಯ ಮೇಲೆ ಮೂಡುವ ಒಂದೊಂದು ಚಿತ್ರಕ್ಕೂ) ಸುಮಾರು 20.7 ಲಕ್ಷ ಪಿಕ್ಸೆಲ್‌ಗಳನ್ನು ಚಿತ್ರಿಸಬೇಕು. 1280×720ಕ್ಕೆ ಇಳಿಸಿದರೆ ಆ ಸಂಖ್ಯೆ 9.2 ಲಕ್ಷಕ್ಕೆ, ಅಂದರೆ ಅರ್ಧಕ್ಕಿಂತಲೂ ಕೆಳಕ್ಕೆ ಬರುತ್ತದೆ. ನೆರಳು ಮತ್ತು ಪ್ರತಿಬಿಂಬಗಳನ್ನು ಪೂರ್ತಿ ನಿಲ್ಲಿಸಿ. ಇವು ಆಟಕ್ಕೆ ಅನಿವಾರ್ಯವಲ್ಲ.

ನಿಮ್ಮ ತೊಂದರೆಯ ಬೇರು ಆ ಒಂಟಿ ರ‍್ಯಾಮ್‌ನಲ್ಲಿರಬಹುದೆಂದು ನನಗೆ ಬಲವಾಗಿ ಅನಿಸುತ್ತದೆ. ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್ ಘಟಕಕ್ಕೆ ಸಾಮಾನ್ಯವಾಗಿ ಸ್ವಂತ ಮೆಮೊರಿ ಇರುವುದಿಲ್ಲವಾದ್ದರಿಂದ, ಪ್ರೊಸೆಸರ್ ಬಳಸುವ ರ‍್ಯಾಮನ್ನೇ ಅದೂ ಹಂಚಿಕೊಳ್ಳಬೇಕಾಗುತ್ತದೆ. ಡಿಡಿಆರ್4-2400 ಬಗೆಯ ರ‍್ಯಾಮ್ ಒಂದೇ ಇದ್ದರೆ ಸೆಕೆಂಡಿಗೆ ಗರಿಷ್ಠ 19.2 ಜಿಬಿ ದತ್ತಾಂಶ ಸಾಗುತ್ತದೆ. ಅಂಥದ್ದೇ ಇನ್ನೊಂದನ್ನು ದತ್ತಾಂಶ ಸಾಗುವ ಇನ್ನೊಂದು ದಾರಿಗೆ, ಅಂದರೆ ಎರಡನೆಯ ಚಾನಲ್‌ಗೆ ಜೋಡಿಸಿದರೆ ಅದು 38.4 ಜಿಬಿಯಾಗುತ್ತದೆ. ಖಾಲಿ ಸ್ಲಾಟ್ ಇದೆಯೇ ಎಂದು ನೋಡಿಕೊಂಡೇ ಕೊಳ್ಳಿ, ಏಕೆಂದರೆ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಆಡುವಾಗ ಬ್ರೌಸರನ್ನು ಮುಚ್ಚಿ, ಚಾರ್ಜರ್ ಜೋಡಿಸಿಡಿ.