ಮೊದಲು ಈ ವರ್ಷದ ಹಣ ತೆಗೆಯಿರಿ, ಹೆಸರು ಬದಲಾವಣೆ ಆಮೇಲೆ

ನ್ಯೂಜೆರ್ಸಿಯ ಓದುಗರೊಬ್ಬರ ಪತ್ರ: ಯಜಮಾನರು ಫೆಬ್ರವರಿಯಲ್ಲಿ ತೀರಿಕೊಂಡರು. ಇದ್ದಿದ್ದರೆ ಆಗಸ್ಟ್‌ಗೆ 75 ತುಂಬುತ್ತಿತ್ತು. ನಾನು ಹುಟ್ಟಿದ್ದು 1960ರಲ್ಲಿ. ಅವರ ಐಆರ್‌ಎಯಿಂದ (ಅಮೆರಿಕದ ನಿವೃತ್ತಿ ಉಳಿತಾಯ ಖಾತೆ) ಈ ವರ್ಷದ ಕಡ್ಡಾಯ ಹಣ, ಅಂದರೆ ವಯಸ್ಸಾದ ಮೇಲೆ ಪ್ರತಿ ವರ್ಷ ತೆಗೆಯಲೇಬೇಕಾದ ಆರ್‌ಎಂಡಿ, ಇನ್ನೂ ತೆಗೆದಿರಲಿಲ್ಲ. 'ಅವರೇ ಇಲ್ಲದ ಮೇಲೆ ಅದೆಲ್ಲಿಯದು, ಪೂರ್ತಿ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ' ಎನ್ನುತ್ತಾರೆ ಪರಿಚಯದವರು. ವಿಲ್‌ನಲ್ಲಿ ಅರ್ಧ ಮಗನಿಗೆ ಎಂದಿದೆ. ಏನು ಮಾಡಲಿ?

ಸಂಪಾದಕರ ಉತ್ತರ: ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ ಎಂದದ್ದು ಸರಿ. ಈ ವರ್ಷದ ಹಣ ಬೇಡ ಎಂದದ್ದು ತಪ್ಪು. ಅವರು ಫೆಬ್ರವರಿಯಲ್ಲೇ ಹೋದರೂ ಲೆಕ್ಕ ಇಡೀ ವರ್ಷದ್ದು, ಅದೂ 75 ತುಂಬಿತು ಅಂತಲೇ. ಕಳೆದ ಡಿಸೆಂಬರ್ 31ರಂದು ಖಾತೆಯಲ್ಲಿ ಎಷ್ಟಿತ್ತೋ ಅದನ್ನು 24.6ರಿಂದ ಭಾಗಿಸಿ (ತೆರಿಗೆ ಇಲಾಖೆಯ ಪಟ್ಟಿಯಲ್ಲಿ 75ರ ವಯಸ್ಸಿಗೆ ಇರುವ ಅಂಕಿ ಇದು). 2,46,000 ಡಾಲರ್ ಇದ್ದಿದ್ದರೆ 10,000 ತೆಗೆಯಬೇಕು. ಆ 10,000ವನ್ನು ನಿಮ್ಮ ಐಆರ್‌ಎಗೆ ಹಾಕಿಕೊಳ್ಳುವಂತಿಲ್ಲ. ಹಣ ಅವರ ಹೆಸರಿಗಲ್ಲ, ನಿಮ್ಮ ಹೆಸರಿಗೇ ಬರಬೇಕು; ಆದಾಯವೂ ನಿಮ್ಮದೇ. ತೆಗೆಯದಿದ್ದರೆ ಬಾಕಿ ಮೊತ್ತದ ಮೇಲೆ 25% ದಂಡ. ಸಾವಾದ ವರ್ಷದ ಬಾಕಿಯನ್ನು ಮುಂದಿನ ವರ್ಷದ ಕೊನೆಯೊಳಗೆ ತೆಗೆದರೆ ದಂಡ ಮಾಫಿ, ನಿಜ. ಆದರೂ ಈ ಡಿಸೆಂಬರ್ ದಾಟಿಸಬೇಡಿ.

ಯಾಕೆಂದರೆ ಈ ವರ್ಷಕ್ಕೆ ನೀವಿನ್ನೂ ಗಂಡ-ಹೆಂಡತಿಯ ಜಂಟಿ ರಿಟರ್ನ್ ಹಾಕಬಹುದು. ಮುಂದಿನ ವರ್ಷದಿಂದ ನೀವು 'ಸಿಂಗಲ್'. ಅಷ್ಟೇ ಆದಾಯಕ್ಕೆ ತೆರಿಗೆ ಜಾಸ್ತಿ. ದುಃಖದಲ್ಲಿರುವವರಿಗೆ ಇದೆಂಥ ಕಾನೂನೋ! ಮನೆ ರಿಪೇರಿಗೋ ಊರಿಗೆ ಹೋಗಿಬರಲೋ ಇನ್ನಷ್ಟು ಹಣ ಬೇಕಿದ್ದರೆ, ಅದನ್ನೂ ಈ ವರ್ಷವೇ ತೆಗೆಯುವುದು ಒಳ್ಳೆಯದು ಅನಿಸುತ್ತದೆ. ಒಮ್ಮೆ ನಿಮ್ಮ ಸಿಪಿಎ (ತೆರಿಗೆ ಲೆಕ್ಕ ನೋಡುವ ಅಕೌಂಟೆಂಟ್) ಹತ್ತಿರ ಲೆಕ್ಕ ಹಾಕಿಸಿ.

ಉಳಿದದ್ದನ್ನು ನಿಮ್ಮ ಸ್ವಂತ ಐಆರ್‌ಎಗೆ ವರ್ಗಾಯಿಸಿ. 1960 ಮತ್ತು ಆಮೇಲೆ ಹುಟ್ಟಿದವರಿಗೆ ಆರ್‌ಎಂಡಿ ಶುರುವಾಗುವುದು 75ಕ್ಕೆ. ಅಲ್ಲಿಯವರೆಗೆ ಯಾರೂ ನಿಮ್ಮನ್ನು ಒತ್ತಾಯಿಸುವುದಿಲ್ಲ. ನಿಮಗೆ ಐವತ್ತೊಂಬತ್ತೂವರೆ ದಾಟಿರುವುದರಿಂದ ಈ ದಾರಿ ಸಲೀಸು. ಅದಕ್ಕಿಂತ ಚಿಕ್ಕ ವಯಸ್ಸಿನವರು ಹೀಗೆ ಮಾಡಿ ಆಮೇಲೆ ಹಣ ತೆಗೆದರೆ, ಸಾಮಾನ್ಯವಾಗಿ ತೆರಿಗೆಯ ಜೊತೆಗೆ ತೆಗೆದ ಹಣದ ಇನ್ನೂ 10% ಕಟ್ಟಬೇಕಾಗುತ್ತದೆ. ಅಂಥವರು ತಮ್ಮ ಐಆರ್‌ಎಗೆ ಸೇರಿಸದೆ, ತೀರಿಕೊಂಡವರಿಂದ ಬಂದ ಬೆನಿಫಿಷಿಯರಿ ಖಾತೆಯಾಗಿಯೇ ಇಟ್ಟುಕೊಳ್ಳುವುದು ವಾಸಿ.

ಇನ್ನು ವಿಲ್ ವಿಚಾರ. ನಮ್ಮ ಕಡೆ ಬ್ಯಾಂಕ್ ಖಾತೆಯ ನಾಮಿನಿ ಎಂದರೆ ಹಣ ಇಸಿದುಕೊಂಡು ವಾರಸುದಾರರಿಗೆ ಕೊಡುವವರು. ಅಮೆರಿಕದ ಐಆರ್‌ಎಯಲ್ಲಿ ಹಾಗಲ್ಲ. ಬೆನಿಫಿಷಿಯರಿ ಫಾರ್ಮ್‌ನಲ್ಲಿ ಯಾರ ಹೆಸರಿದೆಯೋ ಅವರೇ ಒಡೆಯರು, ವಿಲ್ ಏನೇ ಹೇಳಲಿ. ಮೊದಲು ಆ ಫಾರ್ಮ್ ತರಿಸಿ ನೋಡಿ. ನಿಮ್ಮೊಬ್ಬರ ಹೆಸರೇ ಇದ್ದರೆ ಹಣವೆಲ್ಲ ನಿಮ್ಮದು. ಮಗನಿಗೆ ಬೇಜಾರಾಗಬಹುದು, ಕೂರಿಸಿಕೊಂಡು ಮಾತಾಡಿ.

ಹೊಸ ಖಾತೆ ತೆರೆದ ದಿನವೇ ಅದರ ಫಾರ್ಮ್‌ನಲ್ಲಿ ಮಗನ ಹೆಸರು ಬರೆಸಿಬಿಡಿ. ಮುಂದೆ ಅದು ಅವನಿಗೆ ಬಂದಾಗ ನಿಮ್ಮಂತೆ ಸ್ವಂತ ಮಾಡಿಕೊಳ್ಳಲು ಆಗುವುದಿಲ್ಲ. ಬೆಳೆದ ಮಕ್ಕಳು ಸಾಮಾನ್ಯವಾಗಿ 10 ವರ್ಷದೊಳಗೆ ಖಾತೆ ಖಾಲಿ ಮಾಡಬೇಕು. ಅದನ್ನೂ ಈಗಲೇ ಅವನ ಕಿವಿಗೆ ಹಾಕಿರಿ.