ಗದ್ದೆ ಶೆಡ್ಡಿಗೆ ನಾಲ್ಕು ಕ್ಯಾಮೆರಾ ಬೇಕಾ?

ಪ್ರಶ್ನೆ: ಕಾಲುವೆ ಪಕ್ಕ ಎಂಟು ಎಕರೆ ಭತ್ತದ ಗದ್ದೆ ಇದೆ, ಊರಿಂದ ಮೂರು ಕಿಲೋಮೀಟರ್ ದೂರ. ಶೆಡ್ಡಿನಲ್ಲಿ ಸ್ಟಾರ್ಟರ್, ಸ್ಪ್ರೇಯರ್, ಡೀಸೆಲ್ ಕ್ಯಾನ್ ಇಡುತ್ತೇವೆ. ಎರಡು ಸಲ ಮೋಟಾರಿನ ಕೇಬಲ್ ಕತ್ತರಿಸಿಕೊಂಡು ಹೋದರು. ಅಂಗಡಿಯವರು ನಾಲ್ಕು ಕ್ಯಾಮೆರಾ ಹಾಕಿಸಿ ಅನ್ನುತ್ತಾರೆ. ರಾತ್ರಿ ಕರೆಂಟ್ ನಂಬುವ ಹಾಗಿಲ್ಲ. ಏನು ಮಾಡಲಿ?
– ಒಬ್ಬ ರೈತ, ಕಾರಟಗಿ ತಾಲ್ಲೂಕು

ಉತ್ತರ: ನಾಲ್ಕು ಬೇಡ, ಎರಡು ಸಾಕು. ಉಳಿದ ದುಡ್ಡು ಅಲಾರಂಗೆ ಹಾಕಿ. ಬರೀ ಕ್ಯಾಮೆರಾ ಇದ್ದರೆ, ಮುಖಕ್ಕೆ ಟವೆಲ್ ಸುತ್ತಿಕೊಂಡವನು ಕೇಬಲ್ ಸುರುಳಿ ಹೊತ್ತು ಹೋಗಿದ್ದನ್ನು ಬೆಳಿಗ್ಗೆ ಚಹಾ ಕುಡಿಯುತ್ತಾ ಮೊಬೈಲಿನಲ್ಲಿ ನೋಡುತ್ತೀರಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಅಲ್ವಾ? ಬರೀ ಅಲಾರಂ ಇದ್ದರೂ ಕಷ್ಟ. ನಾಯಿ ಬಂತೋ, ಮನುಷ್ಯ ಬಂದನೋ ಗೊತ್ತಾಗುವುದಿಲ್ಲ. ನಾಲ್ಕು ಸಲ ಸುಮ್ನೆ ಕೂಗಿದರೆ ಐದನೇ ಸಲ ನೀವೇ ಮಗ್ಗುಲು ಬದಲಿಸಿ ಮಲಗುತ್ತೀರಿ. ಅಲಾರಂ ಎಬ್ಬಿಸಬೇಕು, ಹೋಗಬೇಕೋ ಬೇಡವೋ ಅಂತ ಕ್ಯಾಮೆರಾ ತೋರಿಸಬೇಕು.

ಮೊದಲು ಕೇಬಲ್ ನೋಡಿಕೊಳ್ಳಿ. ಮೇನ್ ಆಫ್ ಮಾಡಿ, ಮೋಟಾರಿನ ಕೇಬಲ್ ಜೊತೆಗೇ ಎರಡು ಎಳೆಯ ಸಣ್ಣ ವೈರ್ ಎಳೆದು, ಅಲ್ಲಲ್ಲಿ ಟೇಪ್ ಸುತ್ತಿ. ಮೋಟಾರಿನ ಕಡೆ ಎರಡೂ ಎಳೆಗಳನ್ನು ಒಂದಕ್ಕೊಂದು ಸೇರಿಸಿ ಮುಚ್ಚಿ. ಈಚೆ ತುದಿಗಳು ಶೆಡ್ಡಿನ ಅಲಾರಂ ಪ್ಯಾನೆಲ್ಲಿಗೆ. ಕೇಬಲ್ ಕತ್ತರಿಸುವವನು ಕತ್ತಲಲ್ಲಿ ಇದನ್ನೂ ಸೇರಿಸಿ ಕತ್ತರಿಸುತ್ತಾನೆ. ಕಡಿದ ಕೂಡಲೇ ಸೈರನ್. ಪ್ಯಾನೆಲ್ ಬ್ಯಾಟರಿ ಮೇಲೆ ನಡೆಯುವುದರಿಂದ ಕರೆಂಟ್ ಇರಲಿ, ಬಿಡಲಿ. ವೈರ್ ಜೋಡಿಸಲು ಬರುವ, ಸಿಮ್ ಹಾಕಿದರೆ ಫೋನ್ ಮಾಡುವ ಪ್ಯಾನೆಲ್ ಕೇಳಿ. ಅದು 2ಜಿ ಆದರೆ ಜಿಯೋ ಸಿಮ್ ನಡೆಯುವುದಿಲ್ಲ. ನಿಮ್ಮ ನಂಬರ್ ಜೊತೆ ಪಕ್ಕದ ಗದ್ದೆಯವರದ್ದೂ ಸೇರಿಸಿ.

ಶೆಡ್ಡಿನ ಬಾಗಿಲಿಗೆ ಮ್ಯಾಗ್ನೆಟ್ ಸೆನ್ಸರ್ ಸಾಕು, ಬಾಗಿಲು ತೆರೆದ ಕೂಡಲೇ ಅದು ಅಲಾರಂ ಪ್ಯಾನೆಲ್ಲಿಗೆ ತಿಳಿಸುತ್ತದೆ. ಮೈಶಾಖ ಹಿಡಿಯುವ ಸೆನ್ಸರ್ ಒಂದನ್ನೇ ನಂಬಬೇಡಿ. ನಮ್ಮ ಕಡೆ ಬೇಸಿಗೆಯಲ್ಲಿ ಕತ್ತಲಾದರೂ ಗೋಡೆ, ತಗಡು ಕಾದೇ ಇರುತ್ತವೆ. ಸುತ್ತಲಿನ ಬಿಸಿಗೂ ಮನುಷ್ಯನ ಮೈಬಿಸಿಗೂ ವ್ಯತ್ಯಾಸ ಕಡಿಮೆಯಾದಷ್ಟೂ ಅದು ಮಂಕಾಗುತ್ತದೆ.

ಕ್ಯಾಮೆರಾ ಒಂದು ಬಾಗಿಲಿಗೆ, ಇನ್ನೊಂದು ಗಾಡಿ ಬರುವ ದಾರಿಗೆ. ತೀರಾ ಎತ್ತರದಲ್ಲಿ ಹಾಕಿದರೆ ಟೋಪಿ ಕಾಣುತ್ತದೆ, ಮುಖವಲ್ಲ. ಎಂಟು ಅಡಿ ಸಾಕು. ಭತ್ತದ ಗದ್ದೆಯ ಇನ್ನೊಂದು ಕಾಟ ಹುಳ. ರಾತ್ರಿ ಹುಳ ಬಂದು ಲೆನ್ಸ್ ಸುತ್ತ ಹಾರುತ್ತವೆ, ಅವನ್ನು ಹಿಡಿಯಲು ಜೇಡ ಬಂದು ಬಲೆ ಕಟ್ಟುತ್ತದೆ. ಗಾಳಿಗೆ ಬಲೆ ಅಲ್ಲಾಡಿದಾಗಲೆಲ್ಲ ಮೊಬೈಲಿಗೆ ಮೆಸೇಜ್! ವಾರಕ್ಕೊಮ್ಮೆ ಬಟ್ಟೆಯಿಂದ ಒರೆಸಿ.

ಎರಡೂ ಕ್ಯಾಮೆರಾ ಸೇರಿ 10 ವಾಟ್ ತಿಂದರೆ ದಿನಕ್ಕೆ 240 ವಾಟ್-ಅವರ್ ಬೇಕು. 100 ವಾಟಿನ ಸೋಲಾರ್ ಪ್ಯಾನೆಲ್, 12 ವೋಲ್ಟ್ 40 ಆಂಪಿಯರ್-ಅವರ್ ಬ್ಯಾಟರಿ ಇಟ್ಟುಕೊಳ್ಳಿ. ಸೋಲಾರ್ ಪ್ಯಾನೆಲ್ಲೂ ಕಳುವಾಗುವ ಸಾಮಾನೇ. ಆ ಸಣ್ಣ ವೈರನ್ನು ಅದರ ಚೌಕಟ್ಟಿನಲ್ಲೂ ಒಂದು ಸುತ್ತು ತೂರಿಸಿ. ರೆಕಾರ್ಡಿಂಗ್ ಮೆಮೊರಿ ಕಾರ್ಡಿಗೆ ಹೋಗಲಿ, ಇಡೀ ದಿನ ಲೈವ್ ನೋಡುತ್ತಾ ಕೂತರೆ ಡೇಟಾ ಉಳಿಯುವುದಿಲ್ಲ.

ಸೈರನ್ ಕೂಗಿ, ಕ್ಯಾಮೆರಾದಲ್ಲಿ ಜನ ಕಂಡರೆ 112ಕ್ಕೆ ಫೋನ್ ಮಾಡಿ. ಒಬ್ಬರೇ ಹೋಗಬೇಡಿ.

ಎಲ್ಲ ಜೋಡಿಸಿದ ದಿನವೇ ಆ ಸಣ್ಣ ವೈರಿನ ಒಂದು ತುದಿ ಬಿಚ್ಚಿ ನೋಡಿ. ಮನೆಯಲ್ಲಿ ಫೋನ್ ರಿಂಗ್ ಆಗುವ ತನಕ ಅಂಗಡಿಯವರಿಗೆ ಪೂರ್ತಿ ದುಡ್ಡು ಕೊಡಬೇಡಿ.