ಬ್ಯಾಪ್ಟಿಸ್ಟರು ಬೇರೆ ಕ್ರೈಸ್ತರನ್ನ ಕ್ರೈಸ್ತರು ಅಂತ ಒಪ್ಪಲ್ವಾ?

ನಿಮ್ಮ ಪ್ರಶ್ನೆ ನೋಡಿದೆ, ಬ್ಯಾಪ್ಟಿಸ್ಟರು ಯಾಕೆ ಬೇರೆ ಸಭೆಗಳಿಂದ ದೂರ ನಿಲ್ತಾರೆ, ಉಳಿದವರನ್ನ ಕ್ರೈಸ್ತರು ಅಂತಾನೇ ಒಪ್ಪಲ್ವಾ ಅಂತ. ನಾನು ಹುಟ್ಟಿ ಬೆಳೆದದ್ದೇ ಬ್ಯಾಪ್ಟಿಸ್ಟ್ ಸಭೇಲಿ. ಒಪ್ತೀವಿ. ಆದ್ರೆ ನೀರಿನ ವಿಷಯ, ಅಂದ್ರೆ ಸಭೆಗೆ ಸೇರಿಸೋ ದೀಕ್ಷಾಸ್ನಾನದ ವಿಷಯ ಬಂದಾಗ ಮಾತ್ರ ತಡವರಿಸ್ತೀವಿ. ನಾವು ಅದನ್ನ ಶಿಶುಗಳಿಗೆ ಕೊಡಲ್ಲ, ನಂಬಿಕೆ ಇಟ್ಟು ಕೇಳಿದವರಿಗೆ ಮಾತ್ರ ನೀರಲ್ಲಿ ಮುಳುಗಿಸಿ ಕೊಡ್ತೀವಿ.

ಇದು ಇವತ್ತಿನ ಜಗಳ ಅಲ್ಲ. 1609ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಜಾನ್ ಸ್ಮಿತ್ ಅನ್ನೋ ಇಂಗ್ಲಿಷ್ ಬೋಧಕರು, ಶಿಶುವಾಗಿದ್ದಾಗ ಆದ ದೀಕ್ಷಾಸ್ನಾನ ದೀಕ್ಷಾಸ್ನಾನವೇ ಅಲ್ಲ ಅಂತ ತನಗೆ ತಾನೇ ಕೊಟ್ಕೊಂಡು, ಆಮೇಲೆ ಜೊತೆಗಿದ್ದವರಿಗೂ ಕೊಟ್ರು. ಸ್ವಲ್ಪ ದಿನಕ್ಕೇ ಅವರಿಗೆ ಅನುಮಾನ ಶುರುವಾಯ್ತು, ನಮಗೆ ನಾವೇ ಕೊಟ್ಕೊಂಡಿದ್ದು ತಪ್ಪು, ಮೊದಲೇ ಇರೋ ಸಭೆಯಿಂದ ತಗೋಬೇಕಿತ್ತು ಅಂತ, ಮೊದಲಿಂದಲೂ ನಂಬಿಕೆ ಇಟ್ಟವರಿಗೇ ದೀಕ್ಷಾಸ್ನಾನ ಕೊಡ್ತಿದ್ದ ಮೆನ್ನೊನೈಟ್ ಅನ್ನೋ ಪಂಗಡದ ಜೊತೆ ಸೇರೋಕೆ ಹೊರಟ್ರು. ಅವರ ಗುಂಪಲ್ಲೇ ಇದ್ದ ಥಾಮಸ್ ಹೆಲ್ವಿಸ್ ಒಪ್ಪಲಿಲ್ಲ, ಕೆಲವರನ್ನ ಕರ್ಕೊಂಡು ಇಂಗ್ಲೆಂಡಿಗೆ ವಾಪಸ್ ಹೋದ್ರು. ಅಂದ್ರೆ ಉಳಿದ ಸಭೆ ನಮಗೆ ಏನಾಗಬೇಕು ಅನ್ನೋ ಪ್ರಶ್ನೆಗೇ ನಮ್ಮ ಮೊದಲ ಗುಂಪು ಒಡೆದಿದ್ದು.

ಇನ್ನೊಂದು ಕಡೆ ನೋಡಿ, 1905ರಲ್ಲಿ ಲಂಡನ್‌ನಲ್ಲಿ ಬೇರೆ ಬೇರೆ ದೇಶದ ಬ್ಯಾಪ್ಟಿಸ್ಟರ ಒಕ್ಕೂಟ, ಬ್ಯಾಪ್ಟಿಸ್ಟ್ ವರ್ಲ್ಡ್ ಅಲಯನ್ಸ್ ಶುರುವಾದಾಗ ಎಲ್ರೂ ಎದ್ದು ನಿಂತು ಹೇಳಿದ್ದು ಅಪೊಸ್ತಲರ ವಿಶ್ವಾಸಪ್ರಮಾಣ! ನಮಗೆ ಬೈಬಲ್ ಸಾಕು, ಬೇರೆ ಪ್ರಮಾಣ ಬೇಡ ಅನ್ನೋ ಜನ, ಇಡೀ ಕ್ರೈಸ್ತ ಸಭೆಯ ಹಳೇ ಮಾತನ್ನ ತಮ್ಮದೇ ಅಂತ ಹೇಳಿದ್ರು. ನನಗೆ ಇದು ತುಂಬಾ ದೊಡ್ಡದು.

ನನ್ನ ಹೆಂಡ್ತಿ ಶಿಶು ದೀಕ್ಷಾಸ್ನಾನ ಕೊಡೋ ಸಭೆಯವಳು. ಮದುವೆ ಆದ್ಮೇಲೆ ನಮ್ಮ ಸಭೇಲಿ ಮೆಂಬರ್ ಆಗ್ಬೇಕು ಅಂದಾಗ ಮುಳುಗಿ ತಗೊಳ್ಳಲೇಬೇಕು ಅಂದ್ರು. ನಮ್ಮ ಲೆಕ್ಕದಲ್ಲಿ ಅದು ಎರಡನೇ ಸಲ ಅಲ್ಲ, ಮೊದಲನೇದೇ, ಯಾಕಂದ್ರೆ ಸ್ವಂತ ನಂಬಿಕೆಯಿಂದ ತಾನೇ ಕೇಳಿ ತಗೊಂಡಿದ್ದು ಮಾತ್ರ ದೀಕ್ಷಾಸ್ನಾನ. ಅವಳಿಗೆ ಅದು ಹಾಗೆ ಕೇಳಿಸ್ಲಿಲ್ಲ. "ಹಾಗಾದ್ರೆ ಇಷ್ಟು ವರ್ಷ ನಾನು ಪ್ರಾರ್ಥನೆ ಮಾಡಿದ್ದು ಏನು?" ಅಂದ್ಲು. ನನ್ನ ಹತ್ರ ಉತ್ತರ ಇರ್ಲಿಲ್ಲ.

ಆಮೇಲೆ ಓದ್ತಾ ಹೋದೆ. 17ನೇ ಶತಮಾನದಲ್ಲೇ ಇಂಗ್ಲೆಂಡಿನ ಬೋಧಕ ಜಾನ್ ಬನಿಯನ್, ನೀರಿನ ಬಗ್ಗೆ ಭಿನ್ನಾಭಿಪ್ರಾಯ ಇದ್ರೂ ಕರ್ತನ ಭೋಜನಕ್ಕೆ (ಸಭೇಲಿ ರೊಟ್ಟಿ, ದ್ರಾಕ್ಷಾರಸ ಹಂಚ್ಕೊಳ್ಳೋ ಆಚರಣೆಗೆ) ತಡೆ ಹಾಕಬಾರದು ಅಂತ ವಾದ ಮಾಡಿದ್ರು, ಬೇರೆ ಬ್ಯಾಪ್ಟಿಸ್ಟರು ಅವರನ್ನ ಬೈದ್ರು. 1970ರಲ್ಲಿ ಹಲವು ಸಭೆಗಳು ಒಂದಾಗಿ ಚರ್ಚ್ ಆಫ್ ನಾರ್ತ್ ಇಂಡಿಯಾ ಆದಾಗ ಬ್ಯಾಪ್ಟಿಸ್ಟರೂ ಸೇರಿದ್ರು, ಅಲ್ಲಿ ಶಿಶು ದೀಕ್ಷಾಸ್ನಾನ, ವಿಶ್ವಾಸಿಯ ದೀಕ್ಷಾಸ್ನಾನ ಎರಡಕ್ಕೂ ಜಾಗ ಇಟ್ರು.

ನಾನು ನಂಬಿಕೆ ಇಟ್ಟವರಿಗೇ ದೀಕ್ಷಾಸ್ನಾನ ಅನ್ನೋದನ್ನ ಬಿಡಲ್ಲ, ನನ್ನ ಮಕ್ಕಳಿಗೂ ಅವರಾಗೇ ಕೇಳೋ ತನಕ ಕೊಡ್ಸಲ್ಲ. ಆದ್ರೆ ಅವಳ ನಂಬಿಕೆಯನ್ನ ಬಾಗಿಲಲ್ಲಿ ನಿಲ್ಲಿಸೋ ಅಧಿಕಾರ ನಮಗಿಲ್ಲ ಅಂತ ನನಗನ್ಸುತ್ತೆ. ನಮ್ಮಲ್ಲಿ ಬಿಷಪ್ ಇಲ್ಲ, ಮೆಂಬರ್‌ಗಳೇ ಕೂತು ತೀರ್ಮಾನ ಮಾಡೋದು, ಹಾಗಾಗಿ ಬರೋ ಸಭಾ ಮೀಟಿಂಗ್‌ಗೆ ಈ ವಿಷಯ ಬರೆದು ಕೊಟ್ಟಿದೀನಿ. ಅವಳು ಪ್ರತಿ ಭಾನುವಾರ ನನ್ನ ಪಕ್ಕದಲ್ಲೇ ಕೂರ್ತಾಳೆ, ವೋಟ್ ಹಾಕೋಕೆ ಮಾತ್ರ ಕೈ ಎತ್ತೋ ಹಾಗಿಲ್ಲ.